ರಂಗರಾಯರ ಶಾಲೆಯ ಮಕ್ಕಳ ಹೆಸರು ಬೇಕಾಗಿದೆ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಮಕ್ಕಳ ಪುಟದ ರಸಪ್ರಶ್ನೆಯಲ್ಲಿ, ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಪದವಿ ಓದಿದ್ದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಹಾರ್ವರ್ಡ್ ಎಂದು ಅಚ್ಚಾಗಿದೆ. ಅದು ಹಾವರ್ಡ್ ಆಗಬೇಕಿತ್ತು. ಒಂದು ಅರ್ಕಾವೊತ್ತು ಹೆಚ್ಚು ಬಿದ್ದಿದೆ ಎಂದು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ನನ್ನ ಮೊಮ್ಮಗಳು ಪೇಪರನ್ನು ಮುಖದ ಮುಂದೆ ಹಿಡಿದು, 'ನೋಡಿ ಅಜ್ಜ, ನೀವು ಹೇಳಿಕೊಟ್ಟದ್ದು ತಪ್ಪು' ಎಂದು ಬಿಟ್ಟಳು. ಇನ್ನು ಬರೆಯದೆ ಉಪಾಯವಿಲ್ಲ. ಈ ತಿದ್ದುಪಡಿಯಿಂದ ಶುರುಮಾಡಿ, ನಮ್ಮೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ವಿದ್ಯಾರ್ಥಿಗಳ ಹೆಸರಿನ ಬೇಡಿಕೆಗೆ ಕೊನೆಗೆ ಬರುತ್ತೇನೆ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವ. ಹೆಸರು, ಇಸವಿ, ನಂಬರು ಸರಿಯಿಲ್ಲದಿದ್ದರೆ ನಿದ್ದೆ ಬಾರದ ಜಾತಿ ನಮ್ಮದು. ಹಾರ್ವರ್ಡ್ ಇರುವುದು ಬೋಸ್ಟನ್ ಪಕ್ಕದಲ್ಲಿ, ಶ್ರೀಮಂತರದ್ದು, ಎಲ್ಲರಿಗೂ ಗೊತ್ತು. ಹಾವರ್ಡ್ ವಿಶ್ವವಿದ್ಯಾಲಯ ಇರುವುದು ವಾಷಿಂಗ್ಟನ್ ನಗರದಲ್ಲಿ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಜನಕ್ಕೆ ಮೇಷ್ಟ್ರು ಬೇಕು, ಡಾಕ್ಟರು ಬೇಕು, ಪಾದ್ರಿ ಬೇಕು ಎಂದು 1867ರ ಮಾರ್ಚ್ 2ರಂದು ಹುಟ್ಟಿಕೊಂಡದ್ದು. ಬಿಡುಗಡೆಯಾದವರ ಯೋಗಕ್ಷೇಮದ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದ ಜನರಲ್ ಆಲಿವರ್ ಓಟಿಸ್ ಹಾವರ್ಡ್ ಎಂಬ ಸೇನಾಧಿಕಾರಿಯ ಹೆಸರನ್ನೇ ಇಟ್ಟರು. ನಮ್ಮ ಹಂಪನಕಟ್ಟೆಯ ಸರಕಾರಿ ಕಾಲೇಜು, ಅಂದರೆ ಈಗಿನ ವಿಶ್ವವಿದ್ಯಾನಿಲಯ ಕಾಲೇಜು, 1868ರದ್ದು. ಎರಡೂ ಹೆಚ್ಚುಕಡಿಮೆ ಒಂದೇ ಪ್ರಾಯದವು.

ಕಮಲಾ ಹ್ಯಾರಿಸ್ ಸ್ಪರ್ಧೆಗೆ ನಿಂತಾಗ, 2020ರಲ್ಲೂ 2024ರಲ್ಲೂ, ನಮ್ಮ ಪೇಪರುಗಳಲ್ಲಿ ತಮಿಳುನಾಡಿನ ತುಳಸೇಂದ್ರಪುರದ ದೇವಸ್ಥಾನ, ಅಲ್ಲಿಯ ವಿಶೇಷ ಪೂಜೆ, ಅಜ್ಜನ ಮನೆ, ಇಡ್ಲಿ ಎಲ್ಲ ಬಂತು. ಆಕೆ 1986ರಲ್ಲಿ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ ಪದವಿ ಪಡೆದ ಜಾಗಕ್ಕೆ ಅರ್ಧ ಸಾಲು ಸಿಕ್ಕಿದ್ದರೆ ಹೆಚ್ಚು. 2021ರ ಜನವರಿಯಲ್ಲಿ ಉಪಾಧ್ಯಕ್ಷೆಯಾಗಿ ಪ್ರಮಾಣವಚನ ತೆಗೆದುಕೊಳ್ಳುವಾಗ ಕೈಯಿಟ್ಟ ಎರಡು ಬೈಬಲ್‌ಗಳಲ್ಲಿ ಒಂದು ಅದೇ ಹಾವರ್ಡ್‌ನ ಹಳೆ ವಿದ್ಯಾರ್ಥಿ, ನ್ಯಾಯಾಧೀಶ ಥರ್ಗುಡ್ ಮಾರ್ಷಲ್ ಅವರದ್ದು. 2024ರ ನವೆಂಬರಿನಲ್ಲಿ ಗೆಲುವಿನ ಸಂಭ್ರಮಕ್ಕೆ ಗೊತ್ತು ಮಾಡಿದ್ದು ಹಾವರ್ಡ್‌ನ ಅಂಗಳ. ಮರುದಿನ ಸೋಲು ಒಪ್ಪಿಕೊಂಡು ಮಾತಾಡಿದ್ದೂ ಅಲ್ಲೇ. ಮಕ್ಕಳ ಪುಟದಲ್ಲಿ ಇಡ್ಲಿಗಿಂತ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬಹುದಿತ್ತು ಎಂದು ನನ್ನ ಅಭಿಪ್ರಾಯ.

'ಕಪ್ಪು ಜನಕ್ಕೆ ಬೇರೆಯೇ ಕಾಲೇಜು ಯಾಕೆ, ಅದೂ ಒಂದು ಭೇದವಲ್ಲವಾ' ಎಂದು ನಮ್ಮ ವಾಕಿಂಗ್ ಮಿತ್ರರೊಬ್ಬರು ಕೇಳಿದರು. ಮೀಸಲಾತಿಯ ಮಾತು ಬಂದಾಗಲೂ ಅವರದ್ದು ಇದೇ ಪ್ರಶ್ನೆ. ಹಾವರ್ಡ್ ಬಾಗಿಲು ಹಾಕಿ ಕೂತ ಸಂಸ್ಥೆಯಲ್ಲ. ಅದರ ಮೊಟ್ಟಮೊದಲ ವಿದ್ಯಾರ್ಥಿಗಳು ಸ್ಥಾಪಕರ ಬಳಗದ ಬಿಳಿಯ ಹೆಣ್ಣುಮಕ್ಕಳು. ಬಾಗಿಲು ಹಾಕಿದ್ದು ಉಳಿದವರು. ಅದಕ್ಕೆ ಮಾರ್ಷಲ್ ಅವರ ಕಥೆಯೇ ಸಾಕು.

ಮಾರ್ಷಲ್ ಬಾಲ್ಟಿಮೋರಿನವರು. ಅವರ ಊರಿನಲ್ಲೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಇತ್ತು. ಕಪ್ಪು ಹುಡುಗರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಬೆಳಿಗ್ಗೆ ರೈಲು ಹಿಡಿದು ವಾಷಿಂಗ್ಟನ್ನಿಗೆ ಹೋಗಿ ರಾತ್ರಿ ವಾಪಸು ಬರುವುದು. ಉಡುಪಿಯಿಂದ ಮಂಗಳೂರಿಗೆ ಬಂದು ಹೋದ ಹಾಗೆ, ದೂರವೂ ಹೆಚ್ಚುಕಡಿಮೆ ಅಷ್ಟೇ. ಫೀಸಿಗಾಗಿ ತಾಯಿ ಮದುವೆಯ ಉಂಗುರವನ್ನೂ ನಿಶ್ಚಿತಾರ್ಥದ ಉಂಗುರವನ್ನೂ ಅಡವಿಟ್ಟರು. ನನ್ನ ಅಮ್ಮನಲ್ಲಿ ಅಡವಿಡಲು ಉಂಗುರ ಇರಲಿಲ್ಲ, ಬೀಡಿ ಕಟ್ಟುವ ಸೂಪು, ಅಂದರೆ ಮೊರ, ಇತ್ತು. ರಾತ್ರಿ ಚಿಮಣಿ ದೀಪದಲ್ಲಿ ಎಲೆ ಕತ್ತರಿಸಿ ಬೀಡಿ ಕಟ್ಟಿದ ದುಡ್ಡಿನಲ್ಲಿ ನಾನು ಬಿ.ಲಿಬ್. ಮುಗಿಸಿದೆ. ಆ ಉಂಗುರದ ಕಥೆಯನ್ನು ಓದಿದ ದಿನ ನಾನು ಅಮ್ಮನಿಗೆ ತುಳುವಿನಲ್ಲಿ ಹೇಳಿದ್ದೆ. 'ಆಮೇಲೆ ಬಿಡಿಸಿಕೊಂಡರಾ?' ಎಂದು ಕೇಳಿದರು. ಹೆಂಗಸರಿಗೆ ಬೇಕಾದ ಪ್ರಶ್ನೆ ಯಾವ ಜೀವನಚರಿತ್ರೆಯಲ್ಲೂ ಇರುವುದಿಲ್ಲ.

1933ರಲ್ಲಿ ಮಾರ್ಷಲ್ ತರಗತಿಗೇ ಮೊದಲಿಗರಾಗಿ ಹೊರಬಂದರು. ಅವರನ್ನು ತಯಾರು ಮಾಡಿದವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಇವರು ಓದಿದ್ದು ಅರ್ಕಾವೊತ್ತು ಇರುವ ಆ ಹಾರ್ವರ್ಡ್‌ನಲ್ಲೇ. 1929ರಲ್ಲಿ ಹಾವರ್ಡ್‌ನ ಕಾನೂನು ವಿಭಾಗದ ಹೊಣೆ ಹೊತ್ತ ಹ್ಯೂಸ್ಟನ್ ಅಲ್ಲಿದ್ದ ಸಂಜೆ ಕಾಲೇಜನ್ನು ಮುಚ್ಚಿ, ಪೂರ್ಣಾವಧಿಯ ಹಗಲು ಕಾಲೇಜು ಮಾಡಿ, ಕೆಲವೇ ವರ್ಷಗಳಲ್ಲಿ ಮಾನ್ಯತೆ ತಂದರು. ಎಲ್ಲರೂ ಇದನ್ನು ಹೊಗಳುತ್ತಾರೆ. ನನಗೆ ಪೂರ್ತಿ ಹಿಡಿಸುವುದಿಲ್ಲ. ನಾನೂ ಸಂಜೆ ಕಾಲೇಜಿನಲ್ಲಿ ಓದಿದವ. ಹಗಲು ಆಫೀಸಿನಲ್ಲಿ, ರೈಲ್ವೆಯಲ್ಲಿ ದುಡಿದು ರಾತ್ರಿ ಕಾನೂನು ಓದುತ್ತಿದ್ದ ಕಪ್ಪು ಹುಡುಗರಿಗೆ ಹಗಲು ತರಗತಿ ಎಂದರೆ ಬಾಗಿಲು ಮುಚ್ಚಿದ್ದೇ. ಕೆಲವರು ದೊಡ್ಡ ವಕೀಲರಾಗಲು ಕೆಲವರು ವಕೀಲರಾಗದೇ ಉಳಿದರು. ಹಳೆ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರು ಹೇಗೂ ಇರುವುದಿಲ್ಲ.

ಆದರೆ ಹ್ಯೂಸ್ಟನ್ ಸುಮ್ಮನೆ ಕೂತು ಪಾಠ ಹೇಳಿದವರಲ್ಲ. ಕ್ಯಾಮೆರಾ ಹಿಡಿದು ಸೌತ್ ಕೆರೊಲಿನಾದ ಹಳ್ಳಿಗಳಿಗೆ ಹೋಗಿ, ಬಿಳಿಯರ ಮಕ್ಕಳ ಶಾಲೆ ಹೇಗಿದೆ, ಕಪ್ಪು ಮಕ್ಕಳ ಶಾಲೆ ಹೇಗಿದೆ ಎಂದು ಚಿತ್ರ ತೆಗೆದು ಸಾಕ್ಷಿ ಮಾಡಿದರು. ಗುರುಶಿಷ್ಯರು ಸೇರಿ ಮೊದಲು ಕೈಹಾಕಿದ್ದು ಅದೇ ಮೇರಿಲ್ಯಾಂಡ್ ಕಾನೂನು ಕಾಲೇಜಿಗೆ. ಕಪ್ಪು ವಿದ್ಯಾರ್ಥಿಯೊಬ್ಬನ ಪರವಾಗಿ ದಾವೆ ಹೂಡಿ, ಹುಡುಗನನ್ನು ಒಳಗೆ ಕೂರಿಸಿ, 1936ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1954ರ ಮೇ 17ರಂದು. ವಾದ ಮಂಡಿಸಿದವರಲ್ಲಿ ಮುಂದಾಳು ಮಾರ್ಷಲ್. ಕೋರ್ಟಿಗೆ ಹೋಗುವ ಮೊದಲು ಹಾವರ್ಡ್‌ನಲ್ಲೇ ತಾಲೀಮು ನಡೆಯುತ್ತಿತ್ತು. ಪ್ರಾಧ್ಯಾಪಕರು ನ್ಯಾಯಾಧೀಶರಂತೆ ಕೂತು ಅಡ್ಡಪ್ರಶ್ನೆ ಹಾಕುವುದು, ವಿದ್ಯಾರ್ಥಿಗಳು ಹಿಂದೆ ಕೂತು ನೋಡುವುದು. ಯಕ್ಷಗಾನಕ್ಕೆ ಮುಂಚೆ ಟ್ರಯಲ್ ನೋಡಿದವರಿಗೆ ಗೊತ್ತಿರಬಹುದು, ನಿಜವಾದ ಆಟ ಕೆಲವೊಮ್ಮೆ ಅಲ್ಲೇ ಇರುತ್ತದೆ. ಹ್ಯೂಸ್ಟನ್ ಆ ತೀರ್ಪು ನೋಡಲಿಲ್ಲ, 1950ರಲ್ಲೇ ತೀರಿಹೋದರು. ಮಾರ್ಷಲ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 32 ಪ್ರಕರಣಗಳಲ್ಲಿ 29 ಗೆದ್ದು, 1967ರಲ್ಲಿ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಾಧೀಶರಾದರು.

ಪೌಲಿ ಮರ್ರೆ ಎಂಬವರ ಹೆಸರು ನಮ್ಮಲ್ಲಿ ಯಾರೂ ಹೇಳುವುದಿಲ್ಲ. 1944ರಲ್ಲಿ ಹಾವರ್ಡ್ ಕಾನೂನು ತರಗತಿಯ ಮೊದಲ ಸ್ಥಾನ ಅವರದ್ದು. ತರಗತಿಯಲ್ಲಿದ್ದ ಒಬ್ಬಳೇ ಹೆಂಗಸು. ಮೊದಲ ಸ್ಥಾನ ಬಂದವರು ಹೆಚ್ಚಿನ ಓದಿಗೆ ಹಾರ್ವರ್ಡ್‌ಗೆ ಹೋಗುವುದು ರೂಢಿ. ಹಾರ್ವರ್ಡ್ ಈಕೆಯನ್ನು ಹೆಣ್ಣೆಂಬ ಕಾರಣಕ್ಕೆ ಬೇಡವೆಂದಿತು. ಬಣ್ಣದ ಗೋಡೆ ದಾಟಿದರೆ ಅದರ ಹಿಂದೆ ಇನ್ನೊಂದು ಗೋಡೆ! ತರಗತಿಯಲ್ಲಿರುವಾಗ ಈಕೆ, ಪ್ರತ್ಯೇಕ ಶಾಲೆಗಳು ಸಮಾನವಾಗಿಲ್ಲ ಎಂದು ಸಣ್ಣ ಸಣ್ಣ ಕೇಸು ಹಾಕುವುದು ಬಿಟ್ಟು, ಪ್ರತ್ಯೇಕ ಎಂಬುದೇ ತಪ್ಪು ಎಂದು ನೇರ ವಾದ ಹೂಡಬೇಕು ಎಂದಾಗ ಸಹಪಾಠಿಗಳು ನಕ್ಕರಂತೆ. ಸಮಾನವಾಗಿದ್ದರೆ ಪ್ರತ್ಯೇಕ ಇಡಬಹುದು ಎಂದಿದ್ದ 1896ರ ಹಳೆಯ ಸುಪ್ರೀಂ ಕೋರ್ಟ್ ತೀರ್ಪು ಇಪ್ಪತ್ತೈದು ವರ್ಷದೊಳಗೆ ಬೀಳುತ್ತದೆ ಎಂದು ಪ್ರಾಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರ ಹತ್ತಿರ ಹತ್ತು ಡಾಲರ್ ಪಂಥ ಕಟ್ಟಿದರು. ಹತ್ತೇ ವರ್ಷದಲ್ಲಿ ಬಿತ್ತು. ಈಕೆ ಅಂದು ಬರೆದುಕೊಟ್ಟ ಪ್ರಬಂಧವನ್ನು ರಾಬಿನ್ಸನ್ ಹುಡುಕಿ ತೆಗೆದು ಮಾರ್ಷಲ್ ತಂಡದ ಕೆಲಸಕ್ಕೆ ಬಳಸಿದ್ದರು. ಅದು ಆಕೆಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇದೇ ಪೌಲಿ ಮರ್ರೆ 1943ರಲ್ಲಿ, 44ರಲ್ಲಿ ಹಾವರ್ಡ್ ವಿದ್ಯಾರ್ಥಿಗಳ ಜೊತೆ ಸೇರಿ ವಾಷಿಂಗ್ಟನ್ನಿನ ಹೋಟೆಲುಗಳಲ್ಲಿ ಸತ್ಯಾಗ್ರಹ ಮಾಡಿಸಿದರು. ಮೂರು ಮೂರು ಜನ ಒಳಗೆ ಹೋಗುವುದು, ತಿಂಡಿ ಕೇಳುವುದು, ಕೊಡುವುದಿಲ್ಲ ಎಂದರೆ ಖಾಲಿ ಟ್ರೇ ಹಿಡಿದು ಮೇಜಿಗೆ ಹೋಗಿ ಪುಸ್ತಕ ತೆರೆದು ಓದುತ್ತಾ ಕೂರುವುದು. ಜಗಳವಿಲ್ಲ, ಘೋಷಣೆಯಿಲ್ಲ. ಗ್ರಂಥಾಲಯದವನಾದ ನನಗೆ ಈ ವಿಧಾನ ಬಹಳ ಇಷ್ಟ. ನಮ್ಮ ತಂದೆಯವರ ಕಾಲದಲ್ಲಿ ಈ ಕಡೆಯ ಹಳ್ಳಿ ಹೋಟೆಲುಗಳಲ್ಲಿ ನಮ್ಮವರಿಗೆ ಹಿಂಬದಿಯಲ್ಲಿ, ತೆಂಗಿನ ಗೆರಟೆಯಲ್ಲಿ ಚಾ. ಕುಡಿದ ಮೇಲೆ ಗೆರಟೆಯನ್ನು ತಾವೇ ತೊಳೆದು ಮಾಡಿಗೆ ಸಿಕ್ಕಿಸಿ ಬರಬೇಕು. ಅಲ್ಲಿ ಪುಸ್ತಕ ಹಿಡಿದು ಕೂರುವುದಕ್ಕೆ ಮೊದಲು ಓದು ಬರಬೇಕಲ್ಲ?

ಬೇರೆ ಹೆಸರುಗಳು ತಮ್ಮ ಓದುಗರಿಗೆ ಗೊತ್ತೇ ಇರುತ್ತವೆ. 1993ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ್ತಿ ಟೋನಿ ಮಾರಿಸನ್ 1953ರ ಪದವೀಧರೆ. ನಂತರ ಅಲ್ಲೇ ಪಾಠವನ್ನೂ ಹೇಳಿದರು. 'ಕಪ್ಪು ಶಕ್ತಿ' ಎಂಬ ಕೂಗನ್ನು ಮನೆಮಾತು ಮಾಡಿದ ಸ್ಟೋಕ್ಲಿ ಕಾರ್ಮೈಕಲ್, ಮಾರಿಸನ್ ಅವರ ಕೈಯಲ್ಲಿ ಕಲಿತವರಲ್ಲಿ ಒಬ್ಬ. ಲೇಖಕಿ ಜೋರಾ ನೀಲ್ ಹರ್ಸ್ಟನ್ ವಿದ್ಯಾರ್ಥಿಯಾಗಿರುವಾಗಲೇ ಅಲ್ಲಿಯ ವಿದ್ಯಾರ್ಥಿ ಪತ್ರಿಕೆ ಹುಟ್ಟುಹಾಕಿದವರಲ್ಲಿ ಒಬ್ಬರು. ನನ್ನ ಮೊಮ್ಮಗಳಿಗೆ ಗೊತ್ತಿರುವುದು ಸಿನಿಮಾದ ಚಾಡ್ವಿಕ್ ಬೋಸ್ಮನ್ ಮಾತ್ರ. ಇರಲಿ, ಅಲ್ಲಿಂದಲೇ ಶುರುವಾಗಲಿ. ಹಾವರ್ಡ್ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಕಪ್ಪಿನಲ್ಲೂ ತಿಳಿಗಪ್ಪು ಮೇಲು ಎಂಬ ಒಳಲೆಕ್ಕ ಅಲ್ಲಿತ್ತು, ಮಾರಿಸನ್ ಅವರೇ ಹೇಳಿದ್ದಾರೆ. 2021ರಲ್ಲಿ ಹಾಸ್ಟೆಲಿನ ದುರವಸ್ಥೆ ತಾಳದೆ ವಿದ್ಯಾರ್ಥಿಗಳು ತಿಂಗಳಿಗೂ ಮಿಕ್ಕಿ ಧರಣಿ ಕೂತರು.

ಇಷ್ಟೆಲ್ಲ ದೊಡ್ಡವರ ನಡುವೆ ನನಗೆ ಎಲ್ಲರಿಗಿಂತ ಹತ್ತಿರದವರು ಒಬ್ಬ ಲೈಬ್ರೇರಿಯನ್. ಹೆಸರು ಡೊರೊಥಿ ಪೋರ್ಟರ್. 1928ರಲ್ಲಿ ಹಾವರ್ಡ್ ಪದವಿ ಪಡೆದು, 1930ರಿಂದ 1973ರವರೆಗೆ ಅದೇ ಹಾವರ್ಡ್‌ನಲ್ಲಿ ಕಪ್ಪು ಜನರ ಇತಿಹಾಸದ ಸಂಗ್ರಹವನ್ನು ಕಟ್ಟಿ ನಿಲ್ಲಿಸಿದವರು. ಆ ಸಂಗ್ರಹಕ್ಕೆ ಬುನಾದಿ ಹಾಕಿದ್ದು ಇನ್ನೊಬ್ಬ ಹಳೆ ವಿದ್ಯಾರ್ಥಿ ಜೆಸ್ಸಿ ಮೂರ್ಲ್ಯಾಂಡ್. 1914ರಲ್ಲಿ ತಾನು ಕೂಡಿಟ್ಟ ಪುಸ್ತಕ, ಹಸ್ತಪ್ರತಿ, ಚಿತ್ರ ಎಲ್ಲವನ್ನೂ ಕಾಲೇಜಿಗೆ ಕೊಟ್ಟುಬಿಟ್ಟರು. ಪೋರ್ಟರ್ ಬಂದಾಗ ಅದೆಲ್ಲ ವಿಂಗಡಿಸದೆ ಬಿದ್ದಿತ್ತು.

ಅವರ ಮೊದಲ ಜಗಳ ನಂಬರಿನ ಮೇಲೆ. ಲೈಬ್ರರಿಗೆ ಹೋಗುವವರು ಪುಸ್ತಕದ ಬೆನ್ನಿನ ಮೇಲಿನ ನಂಬರು ನೋಡಿರುತ್ತೀರಿ, ಹೆಚ್ಚಿನ ಕಡೆ ಅದು ವಿಷಯಕ್ಕೊಂದು ನಂಬರು ಕೊಡುವ ಡ್ಯೂಯಿ ಪದ್ಧತಿಯದ್ದು. ಆ ಕಾಲದ ಅಮೆರಿಕದ ಗ್ರಂಥಾಲಯಗಳಲ್ಲಿ ಕಪ್ಪು ಜನರ ಕುರಿತ ಪುಸ್ತಕ ಯಾವುದೇ ಇರಲಿ, 326ಕ್ಕೆ ಹಾಕುವುದು, ಅಂದರೆ ಗುಲಾಮಗಿರಿ. ಇಲ್ಲವೇ 325, ಅಂದರೆ ವಲಸೆ, ವಸಾಹತು. ಜೇಮ್ಸ್ ವೆಲ್ಡನ್ ಜಾನ್ಸನ್ ಎಂಬ ಹೆಸರಾಂತ ಕವಿಯ ಕವನ ಸಂಕಲನವೂ 325ರಲ್ಲಿ! ಬರೆದವನು ಕವಿ, ಪುಸ್ತಕ ಕವಿತೆ, ಆದರೂ ಸಾಹಿತ್ಯದ ಕಪಾಟಿಗೆ ಪ್ರವೇಶವಿಲ್ಲ. ಪೋರ್ಟರ್ ಇದನ್ನು ಒಪ್ಪಲಿಲ್ಲ. ಕಾವ್ಯ ಕಾವ್ಯದ ಜೊತೆ, ವೈದ್ಯಕೀಯ ವೈದ್ಯಕೀಯದ ಜೊತೆ, ಸಂಗೀತ ಸಂಗೀತದ ಜೊತೆ ಎಂದು ತಾವೇ ಬೇರೆ ಕ್ರಮ ಮಾಡಿಕೊಂಡರು. ಮಾರ್ಷಲ್ ಕೋರ್ಟಿನಲ್ಲಿ ಮಾಡಿದ್ದನ್ನು ಈಕೆ ಅದಕ್ಕೂ ಮೊದಲೇ ಕಪಾಟಿನಲ್ಲಿ ಮಾಡಿದ್ದರು.

ನಗಬೇಡಿ, ಇದು ನಮ್ಮ ಮಂಗಳೂರಿನ ಸಂಗತಿಯೂ ಹೌದು. ನಾನು ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ ದಲಿತ ಲೇಖಕರ ಆತ್ಮಕಥೆಗಳನ್ನು ಯಾರೋ 300ರ ಸಾಲಿನಲ್ಲಿ, ಸಾಮಾಜಿಕ ಸಮಸ್ಯೆಗಳ ಪಕ್ಕ ಇಟ್ಟಿದ್ದರು. ಕೆಳಗಿನ ಕಪಾಟಿನಲ್ಲಿ ಬಡತನ, ಮದ್ಯಪಾನ, ಅಪರಾಧ. ಬೇರೆಯವರ ಆತ್ಮಕಥೆ ಮಾತ್ರ ಕನ್ನಡ ಸಾಹಿತ್ಯದ 894.814ರಲ್ಲಿ, ಕಿಟಕಿ ಹತ್ತಿರ, ಗಾಳಿ ಬೆಳಕಿನಲ್ಲಿ. ನಾನು ಒಂದು ದಸರಾ ರಜೆಯಲ್ಲಿ ಎಲ್ಲವನ್ನೂ ಕಿಟಕಿ ಬದಿಗೆ ತಂದೆ. ಆಡಳಿತದವರು ಯಾಕೆ ಎಂದು ಕೇಳಲಿಲ್ಲ, ಅವರು ಆ ಕಡೆ ಬರುವುದೇ ಅಪರೂಪ. ಕೇಳಿದ್ದು ಒಬ್ಬ ವಿದ್ಯಾರ್ಥಿ ಮಾತ್ರ. ಅವನಿಗೆ ಪೋರ್ಟರ್ ಕಥೆ ಹೇಳಿದೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಜಗತ್ತು ಕರೆಯುವ ಎಸ್.ಆರ್. ರಂಗನಾಥನ್ ಅವರು 1917ರಲ್ಲಿ ಗಣಿತದ ಅಧ್ಯಾಪಕರಾಗಿ ಕೆಲಸ ಆರಂಭಿಸಿದ್ದು ನಮ್ಮ ಮಂಗಳೂರಿನ ಅದೇ ಸರಕಾರಿ ಕಾಲೇಜಿನಲ್ಲಿ. ಡ್ಯೂಯಿ ಸಾಲದು ಎಂದು ಅವರೂ ತಮ್ಮದೇ ವರ್ಗೀಕರಣ ಮಾಡಿ 1933ರಲ್ಲಿ ಪ್ರಕಟಿಸಿದರು. ಪೋರ್ಟರ್ ವಾಷಿಂಗ್ಟನ್ನಿನಲ್ಲಿ ಕಪಾಟು ಬದಲಿಸುತ್ತಿದ್ದುದೂ ಅದೇ ದಶಕದಲ್ಲಿ. ರಸಪ್ರಶ್ನೆಗೆ ಇದನ್ನೂ ಹಾಕಬಹುದು.

ಪೋರ್ಟರ್ ಕೈಯಲ್ಲಿ ದುಡ್ಡಿರಲಿಲ್ಲ. ಪ್ರಕಾಶಕರಿಗೆ ಪತ್ರ ಬರೆದು 'ನಮ್ಮಲ್ಲಿ ಹಣವಿಲ್ಲ, ಈ ಪುಸ್ತಕ ಕೊಡುತ್ತೀರಾ' ಎಂದು ಕೇಳುತ್ತಿದ್ದರು. ಪರಿಚಯದವರ ಅಟ್ಟ, ನೆಲಮಾಳಿಗೆ ಹುಡುಕುತ್ತಿದ್ದರು. ಯಾರಾದರೂ ತೀರಿಕೊಂಡರೆ ಮನೆಯವರು ಕಾಗದಪತ್ರ ಎಸೆಯುವ ಮೊದಲೇ ಅಲ್ಲಿ ಹಾಜರು. ನಮ್ಮಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮರುವಾರ ಟ್ರಂಕಿನಲ್ಲಿದ್ದದ್ದೆಲ್ಲ ಗುಜರಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂದು ಹಾವರ್ಡ್‌ನವರು ತಮ್ಮ ಹಳೆ ವಿದ್ಯಾರ್ಥಿಗಳ ಹೆಸರನ್ನು ಇಸವಿ ಸಮೇತ ಹೇಳಬಲ್ಲರಾದರೆ, ಹೀಗೆ ಮನೆ ಮನೆ ಅಲೆದವರ ಪಾಲು ಅದರಲ್ಲಿ ದೊಡ್ಡದು.

ಹಾವರ್ಡ್‌ಗೂ ಕನ್ನಡನಾಡಿಗೂ ಒಂದು ನೇರ ಸಂಬಂಧವೂ ಉಂಟು. ಅಲ್ಲಿಯ ಧರ್ಮಶಾಸ್ತ್ರ ವಿಭಾಗದ ಡೀನ್ ಆಗಿದ್ದ ಬೆಂಜಮಿನ್ ಮೇಸ್ 1937ರ ಜನವರಿಯಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ವಿಶ್ವ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದರು. ಅದೇ ಪ್ರವಾಸದಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನೂ ಕಂಡರು. ಮೈಸೂರಿನಲ್ಲಿದ್ದಾಗ ಅಸ್ಪೃಶ್ಯರ ಮಕ್ಕಳ ಶಾಲೆಯೊಂದಕ್ಕೆ ಅವರನ್ನು ಕರೆದರು. ಹೆಡ್‌ಮಾಸ್ಟರು ಮಕ್ಕಳಿಗೆ ಪರಿಚಯಿಸುವಾಗ, ಇವರೂ ಅಮೆರಿಕದ ಒಬ್ಬ ಅಸ್ಪೃಶ್ಯರು, ಓದಿ ದೊಡ್ಡ ಮನುಷ್ಯರಾಗಿದ್ದಾರೆ ಎಂಬ ಅರ್ಥದಲ್ಲಿ ಹೇಳಿದರಂತೆ. ಮೇಸ್ ಅವರಿಗೆ ಮೊದಲು ಸಿಟ್ಟು ಬಂತು. ಸ್ವಲ್ಪ ಹೊತ್ತು ಯೋಚಿಸಿ, ಮನುಷ್ಯ ಹೇಳಿದ್ದು ಸರಿಯೇ ಎಂದುಕೊಂಡರು. ಮೂರು ವರ್ಷದ ನಂತರ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು, ಅದೂ ಕಪ್ಪು ಜನರ ಕಾಲೇಜೇ. 1944ರಲ್ಲಿ ಅಲ್ಲಿಗೆ ಹದಿನೈದು ವರ್ಷದ ಒಬ್ಬ ಹುಡುಗ ಸೇರಿಕೊಂಡ. ಮಾರ್ಟಿನ್ ಲೂಥರ್ ಕಿಂಗ್. ಆ ಮೈಸೂರಿನ ಹೆಡ್‌ಮಾಸ್ಟರ ಹೆಸರನ್ನು ಯಾರಾದರೂ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ನಮ್ಮೂರಿಗೆ ಬರುತ್ತೇನೆ. ಕುದ್ಮುಲ್ ರಂಗರಾಯರ ಹೆಸರು ಕೇಳದವರು ಇಲ್ಲಿ ಇಲ್ಲ, ಪುರಭವನಕ್ಕೇ ಅವರ ಹೆಸರಿದೆ. ವಕೀಲರು, ಸಾರಸ್ವತ ಬ್ರಾಹ್ಮಣರು, ಬ್ರಹ್ಮಸಮಾಜದವರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಮುಂದೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಊರು ಅವರನ್ನು ದೂರ ಮಾಡಿತು. ಪಾಠ ಹೇಳಲು ಮೇಲ್ಜಾತಿಯವರು ಒಪ್ಪದಿದ್ದಾಗ ಕ್ರೈಸ್ತ ಮಾಸ್ತರರನ್ನು ಕರೆತಂದರು. ಅಕ್ಷರದ ಜೊತೆ ನೇಯ್ಗೆ, ಬಡಗಿ ಕೆಲಸವನ್ನೂ ಕಲಿಸಿದರು. ಮೂಲ್ಕಿ, ಉಡುಪಿಯ ಕಡೆಗೂ ಶಾಲೆಗಳು ಹಬ್ಬಿದವು. 1928ರ ಜನವರಿ 30ರಂದು ತೀರಿಕೊಂಡಾಗ, ತನ್ನ ಅಂತ್ಯಕ್ರಿಯೆಯನ್ನು ಊರು ಯಾರನ್ನು ಎಲ್ಲರಿಗಿಂತ ಕೆಳಗಿಟ್ಟಿದೆಯೋ ಅವರೇ ಮಾಡಬೇಕು ಎಂದು ಹೇಳಿ ಹೋಗಿದ್ದರು. 1934ರಲ್ಲಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕೆಲಸವನ್ನು ನೆನೆದರು.

ಜಯಂತಿಯ ದಿನ ಭಾಷಣ ಮಾಡುವ ಎಲ್ಲರೂ ರಂಗರಾಯರ ಒಂದು ಮಾತನ್ನು ಹೇಳಿಯೇ ಹೇಳುತ್ತಾರೆ. ನನ್ನ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ನೌಕರಿ ಹಿಡಿದು ಕಾರಿನಲ್ಲಿ ಈ ಊರಿನ ರಸ್ತೆಯಲ್ಲಿ ಹೋಗಬೇಕು, ಆ ಕಾರಿನ ಧೂಳು ನನ್ನ ತಲೆಗೆ ತಾಗಿದರೆ ನನ್ನ ಜನ್ಮ ಸಾರ್ಥಕ ಎಂಬ ಅರ್ಥದ ಮಾತು. ಚಪ್ಪಾಳೆ ಬೀಳುತ್ತದೆ. ಬೀಳಬೇಕಾದ್ದೇ. ಆದರೆ ನನಗೆ ಪ್ರತಿ ಸಲ ಒಂದು ಪ್ರಶ್ನೆ ಏಳುತ್ತದೆ. ಆ ಕಾರಿನಲ್ಲಿ ಕೂತವರು ಯಾರು? ಧೂಳಿನ ಮಾತು ನೂರು ವರ್ಷದಿಂದ ನಮ್ಮ ನೆನಪಿನಲ್ಲಿದೆ. ಕಾರು ಹತ್ತಿದವರ, ಕಾರು ಹತ್ತದಿದ್ದರೂ ಆಫೀಸಿನ ಮೆಟ್ಟಿಲು ಹತ್ತಿದವರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ, ಯಾವ ಸ್ಮರಣ ಸಂಚಿಕೆಯಲ್ಲೂ ಪಟ್ಟಿಯಾಗಿ ಸಿಕ್ಕಿಲ್ಲ. ಶಾಲೆ ತೆರೆದವರ ಚರಿತ್ರೆ ಬರೆದೆವು, ಶಾಲೆಗೆ ಹೋದವರ ಚರಿತ್ರೆ ಬರೆಯಲಿಲ್ಲ. ರಂಗರಾಯರಿಗೇ ಇದು ಸರಿಕಾಣುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ, ಅವರು ಕೇಳಿದ್ದು ತನ್ನ ಪ್ರತಿಮೆಯನ್ನಲ್ಲ.

ನನ್ನ ಅಜ್ಜ ಆ ಶಾಲೆಗೆ ಹೋದವರು. ಕಾರಿನವರಲ್ಲ. ಎರಡನೇ ಪುಸ್ತಕದವರೆಗೆ ಓದಿ, ಜೆಪ್ಪು ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಕೆಲಸಕ್ಕೆ ಸೇರಿದರು. ಮಧ್ಯಾಹ್ನ ಗಂಜಿ ಬಿಡುವಿನಲ್ಲಿ ಹಳೆ ಪೇಪರು ಸಿಕ್ಕಿದರೆ ಉಳಿದವರಿಗೆ ಓದಿ ಹೇಳುತ್ತಿದ್ದರಂತೆ. ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಒಂದು ಶನಿವಾರ ಬಟವಾಡೆಯಾಗುವಾಗ ಹೆಬ್ಬೆಟ್ಟು ಒತ್ತುವ ಬದಲು ಸಂಬಳದ ಪುಸ್ತಕವನ್ನು ತಿರುಗಿಸಿ ಓದಿ, ಪಕ್ಕದವನ ಹೆಸರಿನ ಮುಂದೆ ಬರೆದ ಮೊತ್ತಕ್ಕೂ ಅವನ ಕೈಗೆ ಬಂದ ದುಡ್ಡಿಗೂ ತಾಳೆಯಾಗುವುದಿಲ್ಲ ಎಂದು ಜೋರಾಗಿ ಹೇಳಿದರು. ರೈಟರಿಗೆ ಉರಿಯಿತು. ಸೋಮವಾರದಿಂದ ಅಜ್ಜನಿಗೆ ಒಲೆ ಬಾಯಿಯ ಕೆಲಸ, ಸುಡುವ ಬೇಗೆ. ಆದರೆ ಪಕ್ಕದವನಿಗೆ ಪೂರ್ತಿ ದುಡ್ಡು ಸಿಗಲು ಶುರುವಾಯಿತು. ನನ್ನ ಲೆಕ್ಕದಲ್ಲಿ ಅಜ್ಜನೂ ಹೆಸರಾಂತ ಹಳೆ ವಿದ್ಯಾರ್ಥಿಯೇ. ಹಾವರ್ಡ್‌ನ ಹ್ಯೂಸ್ಟನ್ ತಮ್ಮ ವಿದ್ಯಾರ್ಥಿಗಳಿಗೆ, ವಕೀಲನಾದವನು ಸಮಾಜವನ್ನು ಕಟ್ಟುವ ಎಂಜಿನಿಯರ್ ಆಗಬೇಕು, ಇಲ್ಲದಿದ್ದರೆ ಅವನು ಪರಾವಲಂಬಿ ಎನ್ನುತ್ತಿದ್ದರು. ಅಜ್ಜ ಎರಡನೇ ಪುಸ್ತಕಕ್ಕೇ ಅಷ್ಟು ಕಲಿತಿದ್ದರು.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ರಂಗರಾಯರ ಶಾಲೆಗಳಲ್ಲಿ, ಹಾಸ್ಟೆಲಿನಲ್ಲಿ, ನೇಯ್ಗೆ ಬಡಗಿ ತರಬೇತಿಯಲ್ಲಿ ಇದ್ದವರ ಹೆಸರಿನ ಪಟ್ಟಿಯೊಂದು ಆಗಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗ ಮತ್ತು ಗ್ರಂಥಾಲಯ ಒಟ್ಟಿಗೆ ಈ ಕೆಲಸ ಎತ್ತಿಕೊಳ್ಳಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಬಂಧದ ವಿಷಯವಾಗಿ ಕೊಟ್ಟರೆ, ಒಬ್ಬೊಬ್ಬರು ಒಂದೊಂದು ಕೇರಿಗೆ ಹೋದರೂ ಸಾಕು. ಹಳೆಯ ಶಾಲೆಗಳ ದಾಖಲಾತಿ ಪುಸ್ತಕ ಯಾವ ಕಚೇರಿಯ ಯಾವ ಕಪಾಟಿನಲ್ಲಿದ್ದರೂ, ಈ ಮಳೆಗಾಲ ಬರುವ ಮೊದಲು ಅದರ ಪುಟಗಳ ಫೋಟೋ ತೆಗೆದಿಡಲಿ. ಕರಾವಳಿಯಲ್ಲಿ ಕಾಗದಕ್ಕೆ ಬೂಷ್ಟು ಮತ್ತು ಗೆದ್ದಲು ಕಾಯುವುದಿಲ್ಲ. ಮಹಾನಗರಪಾಲಿಕೆಯವರು ಪುರಭವನದ ಹೊರಜಗಲಿಯಲ್ಲಿ ಒಂದು ಗೋಡೆ ಕೊಡಲಿ. ರಂಗರಾಯರ ಹೆಸರು ಬಾಗಿಲ ಮೇಲೆ ಇದ್ದೇ ಇದೆ, ಒಳಗೆ ಬರುವವರಿಗೆ ಮಕ್ಕಳ ಹೆಸರೂ ಕಾಣಲಿ. ಜವಾನ, ನರ್ಸು, ಟೀಚರ್, ಪೊಲೀಸು, ಪೌರಕಾರ್ಮಿಕ ಎಂದು ಉದ್ಯೋಗ ಇದ್ದ ಹಾಗೇ ಬರೆಯಿರಿ. ದೊಡ್ಡವರದ್ದು ಮಾತ್ರ ಆರಿಸಿ ಹಾಕಲು ಹೊರಟರೆ ಮತ್ತೆ ಅದೇ 326ರ ಕಪಾಟು.

ತಮ್ಮ ಪತ್ರಿಕೆ ವಾರಕ್ಕೊಂದು ಹೆಸರು ಪ್ರಕಟಿಸಬಹುದೇ? ಮಕ್ಕಳ ಪುಟದಲ್ಲಿ ರಸಪ್ರಶ್ನೆಯ ಪಕ್ಕ ಬೆರಳಗಲ ಜಾಗ ಸಾಕು. ಮೊದಲ ಹೆಸರು ನಾನು ಕೊಡುತ್ತೇನೆ, ಹಂಚಿನ ಕಾರ್ಖಾನೆಯದ್ದು. ಹಾಗೆಯೇ ಹಾವರ್ಡ್ ಕುರಿತ ತಿದ್ದುಪಡಿಯನ್ನೂ ದಯವಿಟ್ಟು ಹಾಕಿ, ನನಗೆ ಮನೆಯಲ್ಲಿ ಮರ್ಯಾದೆ ಉಳಿಯಬೇಕು. ಪತ್ರ ಉದ್ದವಾಯಿತೆಂದು ಕತ್ತರಿಸುವುದಾದರೆ ಮಾರ್ಷಲ್ ಭಾಗವನ್ನು ಕತ್ತರಿಸಿ, ಅವರ ಬಗ್ಗೆ ಬೇರೆ ಕಡೆ ಓದಲು ಸಿಗುತ್ತದೆ. ಪೋರ್ಟರ್ ಅವರನ್ನೂ ಕೆಳಗಿನ ಸೂಚನೆಯನ್ನೂ ಬಿಡಬೇಡಿ.

ಓದುಗರಲ್ಲಿ ವಿನಂತಿ: ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯ ಶಾಲಾ ಸರ್ಟಿಫಿಕೇಟು, ಗುಂಪು ಫೋಟೋ, ಬಟವಾಡೆ ಚೀಟಿ, ಹಾಸ್ಟೆಲಿನ ಪತ್ರ ಏನಾದರೂ ಇದ್ದರೆ ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ನನ್ನ ಕೈಗೂ. ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ, ಕಾಗದ ಒಳಗೇ ಹಾಳಾಗುತ್ತದೆ. ಗುಂಪು ಫೋಟೋದಲ್ಲಿ ಯಾರು ಯಾರೆಂದು ಹೇಳಬಲ್ಲ ಹಿರಿಯರು ಇದ್ದರೆ ಇವತ್ತೇ ಕೂರಿಸಿ ಕೇಳಿ, ಎಡದಿಂದ ಬಲಕ್ಕೆ ಬರೆದುಕೊಳ್ಳಿ. ಹೆಸರು, ಮನೆ ಇದ್ದ ಜಾಗ, ಆಮೇಲೆ ಮಾಡಿದ ಕೆಲಸ, ಇಷ್ಟು. ಇಸವಿ ಗೊತ್ತಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿ, ಖಾಲಿ ಬಿಡಿ. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನು ಬೇಡ, ಮುಖದ ಮೇಲೆ ಗೆರೆ ಮೂಡುತ್ತದೆ.

ಇತಿ ತಮ್ಮ ಓದುಗ,
ಒಬ್ಬ ನಿವೃತ್ತ ಗ್ರಂಥಪಾಲಕ
ಉರ್ವ, ಮಂಗಳೂರು